ಗಾಯಕನಾದ ಕೋಮಿತಾಸನ ಚರಿತ್ರೆ

ನೋಹನ ನಾವೆಯು ನೆಲೆಗೊಂಡ ಅರಾರಾಟ್ ಸೀಮೆಯ ಹೆಸರನ್ನು ನೀವೆಲ್ಲರೂ ಕೇಳಿದ್ದೀರಿ. ಆ ಸೀಮೆಯಲ್ಲಿ ಪೂರ್ವಕಾಲದಿಂದ ವಾಸಿಸಿದ ಜನಾಂಗಕ್ಕೆ ಅರ್ಮೇನಿಯರೆಂದು ಹೆಸರು. ಅವರ ಅರಸನು ನಾಲ್ಕನೆಯ ಶತಮಾನದ ಆರಂಭದಲ್ಲಿ ಕ್ರಿಸ್ತ ಮತವನ್ನು ಅಂಗೀಕರಿಸಿದ್ದರಿಂದ ಅವರ ಸಭೆಯು ಲೋಕದ ಅತಿ ಪುರಾತನ ಸಭೆಗಳಲ್ಲಿ ಒಂದಾಗಿದೆ. ಕಾಲಾಂತರದಲ್ಲಿ ಅವರಲ್ಲಿ ಬಹು ಮಂದಿ ತುರ್ಕರ ಸುಲ್ತಾನನ ಆಳಿಕೆಗೆ ಒಳಗಾದರು. ಈ ಎರಡು ಜನಾಂಗಗಳ ನಡುವೆ ನಡೆದ ಸಂಗತಿಯನ್ನು ಒಬ್ಬ ಮನುಷ್ಯನ ಚರಿತ್ರೆಯ ಮೂಲಕ ತಿಳಿಸಲು ಅಪೇಕ್ಷಿಸುತ್ತೇವೆ.

1869ನೆಯ ಇಸವಿಯಲ್ಲಿ ಸುಲ್ತಾನನ ರಾಜ್ಯಕ್ಕೆ ಸೇರಿದ ಕುತಾಹ್ಯ ಎಂಬ ಪಟ್ಟಣದಲ್ಲಿ ಒಬ್ಬ ಅರ್ಮೇನಿಯ ಚಮ್ಮಾರನಿಗೆ ಒಂದು ಗಂಡು ಕೂಸು ಹುಟ್ಟಿತು. ಅದಕ್ಕೆ ಸೊಗೊಮೋನ್, ಅಂದರೆ ಸೊಲೊಮೋನ್, ಎಂದು ಹೆಸರಿಟ್ಟರು. ತಾಯಿಯು ರತ್ನಗಂಬಳಿ ನೇಯುವವಳು, ಹಾಡು ಕಟ್ಟುವವಳು. ಕೂಸಿಗೆ ವರುಷ ತುಂಬುವಷ್ಟರಲ್ಲಿ ಆಕೆಯು ತೀರಿಹೋದಳು. ಹುಡುಗನು ಹತ್ತು ಹನ್ನೊಂದು ವಯಸ್ಸಿನವನಾದಾಗ ತಂದೆಯೂ ಮರಣಹೊಂದಿದನು. ಆ ಊರಿನ ಅರ್ಮೇನಿಯರು ಮನೆಯಲ್ಲಿಯೂ ತುರ್ಕಿ ಭಾಷೆಯನ್ನೇ ಆಡುತ್ತಿದ್ದದರಿಂದ ಈ ಅನಾಥನಿಗೆ ತನ್ನ ಪೂರ್ವಿಕರ ಭಾಷೆ ಬಾರದು; ಆದರೆ ಕಂಠವು ಬಹು ಇಂಪಾಗಿತ್ತು.

1881ರಲ್ಲಿ ಅರಾರಾಟ್ ಬೆಟ್ಟದ ಬಳಿಯಲ್ಲಿರುವ ಎಚ್ಮಿಯಾಜಿನ್ ಎಂಬ ಮಠದ ಶಾಲೆಗೆ ಒಬ್ಬ ಅನಾಥ ಹುಡುಗನು ಬೇಕಾಗಿರಲು ಇವನನ್ನು ಕರೆದೊಯ್ದರು. ಸಭೆಯ ಪ್ರಧಾನ ಗುರುವು ಅರ್ಮೇನಿಯ ಭಾಷೆಯಲ್ಲಿ ಮಾತನಾಡಿಸಲು ಹುಡುಗನು ಉತ್ತರ ಕೊಡಲಾರದೆ ನಿಂತನು. ಹಾಡಬಲ್ಲೆನೆಂದು ತುರ್ಕಿಯಲ್ಲಿ ತಿಳಿಸಿ, ಅರ್ಥ ತಿಳಿಯದ ಒಂದು ಅರ್ಮೇನಿಯ ಕೀರ್ತನೆಯನ್ನು ಹಾಡಿದನು. ಅದನ್ನು ಕೇಳಿ ಆ ವೃದ್ಧ ಗುರುವು ಕಣ್ಣೀರು ಸುರಿಸಿ ಹುಡುಗನನ್ನು ಶಾಲೆಗೆ ಸೇರಿಸಿಕೊಂಡನೆಂದು ಹೇಳುತ್ತಾರೆ. ಶಾಲೆಯಲ್ಲಿ ಅವನು ಭಾಷೆಯನ್ನೂ ಸಂಗೀತವನ್ನೂ ಕಲಿತು, ಪುರಾತನ ಕೀರ್ತನಕಾರನೊಬ್ಬನ ಹೆಸರಿನಿಂದ ಕೋಮಿತಾಸನೆಂದು ಕರೆಯಲ್ಪಟ್ಟು, 1895ರಲ್ಲಿ ವರ್ದಾಪೆತ್ ಎಂಬ ಗುರುಪದವಿಯನ್ನು ಹೊಂದಿದನು. ಬಳಿಕ ಬರ್ಲಿನ್ ಪಟ್ಟಣದಲ್ಲಿ ಮೂರು ವರುಷ ಸಂಗೀತ ಶಾಸ್ತ್ರವನ್ನು ಅಭ್ಯಾಸಮಾಡಿದನು.

ಆತನ ಮುಖ್ಯ ಕೆಲಸವು ಹಳ್ಳಿಗಳಲ್ಲಿ ನಡೆಯಿತು. ಉಳುವವರು, ಒಕ್ಕುವವರು, ತೊಟ್ಟಿಲು ತೂಗುವ ತಾಯಂದಿರು ಹಾಡಿದ ಪದಗಳನ್ನು ಕೇಳಿದ ಹಾಗೆಯೇ ಬರೆದುಕೊಂಡು ಸಾವಿರಾರು ಹಾಡುಗಳನ್ನು ಕೂಡಿಸಿದನು. ಕುರ್ದರ ಹಾಡುಗಳನ್ನೂ ತುರ್ಕರ ಹಾಡುಗಳನ್ನೂ ಬಿಡಲಿಲ್ಲ. 1910ರಲ್ಲಿ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲಿಗೆ ಬಂದು, ಸುಮಾರು 300 ಮಂದಿಯ ಗಾಯಕರ ಮೇಳವನ್ನು ಕಟ್ಟಿದನು. ದೇವಾಲಯದ ಕೀರ್ತನೆಗಳನ್ನು ಸಭಾಮಂದಿರಗಳಲ್ಲಿ ಹಾಡಿಸುತ್ತಾನೆಂದು ಸ್ವಂತ ಸಭೆಯ ಕೆಲವರು ಆತನನ್ನು ವಿರೋಧಿಸಿದರು. ತುರ್ಕರಲ್ಲಿ ಆತನನ್ನು ಮೆಚ್ಚಿದವರೂ ಇದ್ದರು. ತುರ್ಕ ಜನಾಂಗದ ಏಳಿಗೆಗಾಗಿ ಸ್ಥಾಪಿಸಲ್ಪಟ್ಟಿದ್ದ ಸಂಘದಲ್ಲಿಯೂ ಆತನು ಹಾಡಿದನು.

ಆ ಕಾಲದಲ್ಲಿ ರಾಜ್ಯದೊಳಗೆ ದೊಡ್ಡ ಬದಲಾವಣೆಯಾಗುತ್ತಿತ್ತು. ಹಿಂದೆ ಸುಲ್ತಾನನ ಪ್ರಜೆಗಳು ಮತದ ಮೇರೆಗೆ ಎಣಿಸಲ್ಪಟ್ಟು, ಒಂದೊಂದು ಸಮಾಜವು ತನ್ನ ತನ್ನ ಗುರುವಿನ ಕೈಕೆಳಗೆ ಇತ್ತು. ಕ್ರೈಸ್ತರು ಮುಸಲ್ಮಾನರಿಗೆ ಸರಿಸಮಾನರಾಗಿರಲಿಲ್ಲ. 1894ರಿಂದ 1896ರ ವರೆಗೆ ಅರ್ಮೇನಿಯರ ಕೊಲೆಗಳೂ ನಡೆದಿದ್ದವು. 1908ರಲ್ಲಿ ತರುಣ ತುರ್ಕರು ಎದ್ದು, ಎಲ್ಲರಿಗೂ ಸಮಾನ ಹಕ್ಕೆಂದು ಸಾರಿದಾಗ ಅರ್ಮೇನಿಯರೂ ತುರ್ಕರೂ ಬೀದಿಗಳಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಆದರೆ 1912 ಮತ್ತು 1913ರ ಬಾಲ್ಕನ್ ಯುದ್ಧಗಳಲ್ಲಿ ಯೂರೋಪಿನ ಸೀಮೆಗಳು ಕೈಬಿಟ್ಟುಹೋಗಲು, ರಾಜ್ಯವು ತುರ್ಕರದೇ ಆಗಬೇಕೆಂಬ ಆಲೋಚನೆಯು ಅಧಿಕಾರಿಗಳಲ್ಲಿ ಬಲಗೊಂಡಿತು. 1914ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ, ಅರ್ಮೇನಿಯರು ವೈರಿಯಾದ ರಷ್ಯಕ್ಕೆ ಸಹಾಯಕರೆಂದು ಜನಾಂಗವನ್ನೆಲ್ಲಾ ದ್ರೋಹಿಗಳೆಂದು ಎಣಿಸಿದರು.

1915ನೆಯ ಎಪ್ರಿಲ್ 24ರ ರಾತ್ರಿ ರಾಜಧಾನಿಯಲ್ಲಿ ಅರ್ಮೇನಿಯರ ಮುಖಂಡರನ್ನು ನೂರಾರು ಮಂದಿಯಾಗಿ ಹಿಡಿದರು. ಕೋಮಿತಾಸನೂ ಹಿಡಿಯಲ್ಪಟ್ಟು ಚಾಂಕಿರಿ ಎಂಬ ದೂರದ ಊರಿಗೆ ಸಾಗಿಸಲ್ಪಟ್ಟನು. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಎಫ್ರಾಯೀಮ್ಯರು ಒಂದು ಮಾತಿನ ಉಚ್ಚಾರದಿಂದ ಗುರುತಿಸಲ್ಪಟ್ಟು ಹತರಾದದ್ದನ್ನು ಓದುತ್ತೇವೆ. ಇಲ್ಲಿಯಾದರೋ ತುರ್ಕಿಯನ್ನೇ ತಾಯಿನುಡಿಯಾಗಿ ಆಡಿದವನಿಗೂ ಆ ನುಡಿಯು ಆಶ್ರಯವಾಗಲಿಲ್ಲ. ತುರ್ಕರ ಕವಿಯಾದ ಮೆಹ್ಮೆತ್ ಎಮೀನ್, ಗ್ರಂಥಕರ್ತಳಾದ ಹಾಲಿದೆ ಎದೀಪ್, ಅಮೇರಿಕದ ರಾಯಭಾರಿಯಾದ ಮಾರ್ಗೆಂತೌ, ಇವರ ಬಿನ್ನಹದಿಂದ ಆತನು ಕೆಲವು ದಿವಸಗಳಲ್ಲಿ ಬಿಡುಗಡೆಯಾದನೆಂದು ಹೇಳುತ್ತಾರೆ. ಜೊತೆಗೆ ಹೋದವರಲ್ಲಿ ಅನೇಕರು ತಿರುಗಿ ಬರಲಿಲ್ಲ. ನಾಡಿನಲ್ಲೆಲ್ಲಾ ಅರ್ಮೇನಿಯರು ಮನೆಗಳಿಂದ ಹೊರಡಿಸಲ್ಪಟ್ಟು, ಕೊಲೆಯಿಂದಲೂ ಹಸಿವಿನಿಂದಲೂ ಸಿರಿಯದ ಮರುಭೂಮಿಯ ದಾರಿಯಲ್ಲಿಯೂ ನಾಶವಾದರು. ಸತ್ತವರು ಸುಮಾರು ಹತ್ತು ಲಕ್ಷವೆಂದು ಅನೇಕ ಚರಿತ್ರಕಾರರು ಎಣಿಸುತ್ತಾರೆ; ಕೆಲವರು ಹದಿನೈದು ಲಕ್ಷವೆನ್ನುತ್ತಾರೆ. ಇದನ್ನು ಜನಾಂಗಹತ್ಯೆಯೆಂದು ಒಪ್ಪಲು ತುರ್ಕಿ ಸರಕಾರವು ಇಂದಿನ ವರೆಗೂ ನಿರಾಕರಿಸುತ್ತದೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಕೋಮಿತಾಸನ ಹುಟ್ಟೂರಾದ ಕುತಾಹ್ಯದಲ್ಲಿ ಆಗ ಫಾಯಿಕ್ ಆಲಿ ಎಂಬ ತುರ್ಕನು ಅಧಿಕಾರಿಯಾಗಿದ್ದನು. ಅರ್ಮೇನಿಯರನ್ನು ಹೊರಡಿಸಬೇಕೆಂಬ ಅಪ್ಪಣೆಯನ್ನು ಆತನು ನಡಿಸಲಿಲ್ಲ. ಊರಿನ ಮುಸಲ್ಮಾನರೂ ಆತನಿಗೆ ಬೆಂಬಲವಾಗಿ ನಿಂತರು. ಆ ನೆರೆಯವರು ಉಳಿದರು. ಹಾಲಿದೆ ಎದೀಪಳಾದರೋ ಮುಂದಿನ ವರುಷ ಲೆಬನೋನಿನ ಅಂತೂರದಲ್ಲಿ ಒಂದು ಅನಾಥಾಲಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡಳು. ಅಲ್ಲಿ ಅರ್ಮೇನಿಯ ಮಕ್ಕಳಿಗೆ ತುರ್ಕಿ ಹೆಸರುಗಳನ್ನಿಟ್ಟು ತುರ್ಕರನ್ನಾಗಿ ಬೆಳಸಿದರು. ಗಾಯಕನಿಗೆ ದಯೆತೋರಿದವಳೇ ಅನಾಥರ ಹೆಸರನ್ನು ಕಳೆಯುವ ಕೆಲಸದಲ್ಲಿ ಕೈಯಿಟ್ಟಳೆಂಬುದು ನಮ್ಮನ್ನು ಯೋಚಿಸುವಂತೆ ಮಾಡುತ್ತದೆ.

ಕೋಮಿತಾಸನು ದೇಹದಿಂದ ತಿರುಗಿ ಬಂದರೂ ಆತನ ಮನಸ್ಸು ಮುರಿದಿತ್ತು. 1916ರಲ್ಲಿ ಆಸ್ಪತ್ರೆಗೂ, 1919ರಲ್ಲಿ ಪಾರಿಸಿಗೂ ಒಯ್ಯಲ್ಪಟ್ಟು, ಮುಂದೆ ಹೊಸ ಗೀತವನ್ನು ರಚಿಸದೆ 1935ನೆಯ ಅಕ್ಟೋಬರ್ 22ರಂದು ತೀರಿಹೋದನು. ಮರು ವರುಷ ಆತನ ದೇಹವನ್ನು ಅರ್ಮೇನಿಯದ ಯೆರೆವಾನ್ ಪಟ್ಟಣಕ್ಕೆ ತಂದು ಹೂಣಿಟ್ಟರು. ಬರಹಗಳಲ್ಲಿ ಬಹಳವು ಚದರಿ ಕಾಣದೆಹೋದವು. ಆದರೂ ಹಾಡಿದವರು ಅನೇಕರು ಅಳಿದುಹೋದ ಮೇಲೂ ಆತನು ಕೂಡಿಸಿದ ಹಾಡುಗಳು ಉಳಿದಿವೆ.

ವಾಚಕರೇ, ಒಂದು ಜನಾಂಗದವರು ಮಾಡಿದ ಅನ್ಯಾಯವನ್ನು ಮುಚ್ಚುವುದು ಸತ್ಯವಲ್ಲ. ಆ ಜನಾಂಗದವರೆಲ್ಲರ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ. ತನ್ನ ಜನವನ್ನು ಪ್ರೀತಿಸುವುದು ಪಾಪವಲ್ಲ. ಕೋಮಿತಾಸನೂ ಪ್ರೀತಿಸಿದನು, ನೆರೆಯವನ ಹಾಡನ್ನೂ ಬರೆದುಕೊಂಡನು. ನಮ್ಮವರು ಮಾತ್ರ ಇರಲಿ ಎಂದು ನಮ್ಮ ಊರಿನಲ್ಲಿ ಮಾತು ಎದ್ದ ದಿವಸ, ದೇವರು ಕಾಯಿನನಿಗೆ ಕೇಳಿದ ಪ್ರಶ್ನೆಯನ್ನು ಜ್ಞಾಪಿಸಿಕೊಂಡು, ಕುತಾಹ್ಯದ ಆ ಅಧಿಕಾರಿಯಂತೆ ನಿಲ್ಲುವ ಬಲವನ್ನು ನಾವೆಲ್ಲರೂ ಬೇಡಿಕೊಳ್ಳೋಣ.