ಗೊನೊರಿಯಾದ ಮೂಲ ಕಂಡ ನೈಸರ್: ಸಾಧನೆಯೂ ಕಳಂಕವೂ

ಮೂತ್ರ ವಿಸರ್ಜನೆಯ ವೇಳೆ ಉರಿ, ಜನನಾಂಗದಿಂದ ಕೀವಿನ ಸ್ರಾವ - ಇವು ಗೊನೊರಿಯಾ ಎಂಬ ಲೈಂಗಿಕ ಸೋಂಕಿನ ಪರಿಚಿತ ಲಕ್ಷಣಗಳು. ಗೊನೊರಿಯಾ ಮತ್ತು ಸಿಫಿಲಿಸ್ ಎರಡೂ ಒಂದೇ ರೋಗವೆಂದು ಯುರೋಪಿನ ಅನೇಕ ವೈದ್ಯರು ಬಹುಕಾಲ ನಂಬಿದ್ದರು. ಶೀಲಗೆಟ್ಟವರಿಗೆ ದೊರೆಯುವ ಶಿಕ್ಷೆಯೆಂಬುದು ಸಮಾಜದ ತೀರ್ಪಾಗಿತ್ತು. ರೋಗಕ್ಕೆ ಕಾರಣ ಶೀಲವಲ್ಲ, ಬರಿಗಣ್ಣಿಗೆ ಕಾಣದ ಜೀವಿ ಎಂದು ತೋರಿಸಿಕೊಟ್ಟವರು ಜರ್ಮನಿಯ ವೈದ್ಯ ಆಲ್ಬರ್ಟ್ ನೈಸರ್.

1855ರ ಜನವರಿ 22ರಂದು ಸಿಲೇಸಿಯಾ ಪ್ರಾಂತ್ಯದ ಷ್ವೈಡ್ನಿಟ್ಸ್ ಪಟ್ಟಣದಲ್ಲಿ ಯಹೂದಿ ಕುಟುಂಬವೊಂದರಲ್ಲಿ ನೈಸರ್ ಜನಿಸಿದರು. ಆ ಊರು ಈಗ ಪೋಲೆಂಡಿನಲ್ಲಿದೆ. ತಂದೆ ವೈದ್ಯರು. ಮುಂದೆ ಸಿಫಿಲಿಸ್‌ಗೆ ಔಷಧ ಕಂಡುಹಿಡಿದ ಪಾಲ್ ಎರ್ಲಿಖ್ ಬ್ರೆಸ್ಲಾವ್ ನಗರದ ಶಾಲೆಯಲ್ಲಿ ಅವರ ಸಹಪಾಠಿ. ಅದೇ ನಗರದಲ್ಲಿ ವೈದ್ಯ ಪದವಿ ಪಡೆದ ನೈಸರ್, ಚರ್ಮರೋಗ ಚಿಕಿತ್ಸಾಲಯದಲ್ಲಿ ಸಹಾಯಕರಾಗಿ ಸೇರಿದರು.

1879ರಲ್ಲಿ, 24ನೆಯ ವಯಸ್ಸಿನಲ್ಲಿ, ರೋಗಿಗಳ ಕೀವಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಜೋಡಿ ಜೋಡಿಯಾಗಿ ಅಂಟಿಕೊಂಡ ದುಂಡು ಬ್ಯಾಕ್ಟೀರಿಯಾಗಳು ಅವರಿಗೆ ಕಂಡವು. ನವಜಾತ ಶಿಶುಗಳ ಕಣ್ಣಿನ ಕೀವಿನಲ್ಲೂ ಅವೇ ಇದ್ದವು. ಇಂದು ಆ ಬ್ಯಾಕ್ಟೀರಿಯಾ ಕುಲಕ್ಕೆ ನೈಸೀರಿಯಾ ಎಂದೇ ಹೆಸರು. ಅದೇ ವರ್ಷ ನಾರ್ವೆಗೆ ತೆರಳಿದ ಅವರು, ಹ್ಯಾನ್ಸೆನ್ ನೀಡಿದ ಮಾದರಿಗಳನ್ನು ಪರೀಕ್ಷಿಸಿ ಕುಷ್ಠರೋಗಾಣುವಿನ ಶೋಧದ ಶ್ರೇಯವನ್ನೂ ತಮ್ಮದೆಂದು ಸಾರಿದರು. ಆ ಶ್ರೇಯ ಇಂದು ಹ್ಯಾನ್ಸೆನ್ ಅವರಿಗೇ ಸಂದಿದೆ.

ಇನ್ನೂ ದೊಡ್ಡ ಕಳಂಕ ಮುಂದೆ ಕಾದಿತ್ತು. ಸಿಫಿಲಿಸ್‌ಗೆ ಲಸಿಕೆ ಹುಡುಕುತ್ತಿದ್ದ ನೈಸರ್, 1892ರಲ್ಲಿ ಸಿಫಿಲಿಸ್ ರೋಗಿಗಳ ರಕ್ತದ್ರವವನ್ನು ಬೇರೆ ಕಾಯಿಲೆಗಳಿಗಾಗಿ ದಾಖಲಾಗಿದ್ದ ಮಹಿಳೆಯರಿಗೆ ಚುಚ್ಚಿದರು. ಅವರಲ್ಲಿ ವೇಶ್ಯಾವೃತ್ತಿಯ ಯುವತಿಯರೂ ಇದ್ದರು. ಯಾರ ಒಪ್ಪಿಗೆಯನ್ನೂ ಪಡೆದಿರಲಿಲ್ಲ. ಕೆಲವರಿಗೆ ಸಿಫಿಲಿಸ್ ತಗುಲಿದಾಗ, ಅದು ಚುಚ್ಚುಮದ್ದಿನಿಂದಲ್ಲ, ಅವರ ವೃತ್ತಿಯಿಂದ ಬಂದದ್ದೆಂದು ನೈಸರ್ ವಾದಿಸಿದರು. ರೋಗವನ್ನು ಶೀಲದಿಂದ ಬೇರ್ಪಡಿಸಿದ ವಿಜ್ಞಾನಿಯೇ ತಮ್ಮ ತಪ್ಪನ್ನು ರೋಗಿಗಳ ಶೀಲದ ಮೇಲೆ ಹೊರಿಸಿದ್ದರು.

1898ರಲ್ಲಿ ಈ ಪ್ರಯೋಗದ ವಿವರ ಪ್ರಕಟವಾದ ಮೇಲೆ ಪತ್ರಿಕೆಗಳು ಸಿಡಿದೆದ್ದವು. 1900ರಲ್ಲಿ ಅವರಿಗೆ 300 ಮಾರ್ಕ್ ದಂಡ ವಿಧಿಸಲಾಯಿತು. ಅದೇ ಡಿಸೆಂಬರ್‌ನಲ್ಲಿ, ವಿವರಣೆ ನೀಡಿ ಒಪ್ಪಿಗೆ ಪಡೆಯದೆ ಚಿಕಿತ್ಸೆಗೆ ಹೊರತಾದ ಪ್ರಯೋಗ ನಡೆಸಕೂಡದೆಂದು ಪ್ರಷ್ಯಾ ಸರ್ಕಾರ ಆದೇಶಿಸಿತು. ಇಂದಿನ ಸಂಶೋಧನಾ ನೀತಿಯ ಮೊದಲ ಮೆಟ್ಟಿಲುಗಳಲ್ಲಿ ಇದೂ ಒಂದು.

ನೈಸರ್ ಅಲ್ಲಿಗೇ ನಿಲ್ಲಲಿಲ್ಲ. 1902ರಲ್ಲಿ ಲೈಂಗಿಕ ರೋಗಗಳ ವಿರುದ್ಧ ಜನಜಾಗೃತಿ ಮೂಡಿಸುವ ಜರ್ಮನ್ ಸಂಘದ ಸ್ಥಾಪನೆಯಲ್ಲಿ ಪಾಲ್ಗೊಂಡರು. 1906ರಲ್ಲಿ ಸಿಫಿಲಿಸ್ ಪತ್ತೆಯ ವಾಸರ್‌ಮನ್ ರಕ್ತಪರೀಕ್ಷೆ ರೂಪಿಸುವಲ್ಲಿ ಜತೆಗೂಡಿದರು. 1916ರ ಜುಲೈ 30ರಂದು ಬ್ರೆಸ್ಲಾವ್‌ನಲ್ಲಿ ನಿಧನರಾದರು.

ಅವರು ಕಂಡ ರೋಗಾಣು ಇಂದಿಗೂ ಸೋತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2020ರಲ್ಲಿ ಜಗತ್ತಿನ 15ರಿಂದ 49 ವರ್ಷದೊಳಗಿನವರಲ್ಲಿ 8.2 ಕೋಟಿ ಹೊಸ ಗೊನೊರಿಯಾ ಸೋಂಕುಗಳು ಉಂಟಾದವು. ಲೈಂಗಿಕವಾಗಿ ಸಕ್ರಿಯರಾದ 25 ವರ್ಷದೊಳಗಿನವರು, ಹೊಸ ಅಥವಾ ಒಂದಕ್ಕಿಂತ ಹೆಚ್ಚು ಸಂಗಾತಿಗಳುಳ್ಳವರು, ಪುರುಷರೊಂದಿಗೆ ಸಂಪರ್ಕವಿರುವ ಪುರುಷರು, ಕಾಂಡೋಮ್ ಬಳಸದವರು ಹೆಚ್ಚಿನ ಅಪಾಯದಲ್ಲಿರುತ್ತಾರೆ. ಒಬ್ಬರೇ ಸಂಗಾತಿಯುಳ್ಳ ಗೃಹಿಣಿಗೂ ಪತಿಯಿಂದ ಸೋಂಕು ತಗುಲಬಹುದು. ಒಮ್ಮೆ ಗುಣವಾದವರಿಗೂ ಮತ್ತೆ ಬರಬಹುದು.

ಅನೇಕ ಮಹಿಳೆಯರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಚಿಕಿತ್ಸೆಯಿಲ್ಲದೆ ಸೋಂಕು ಗರ್ಭನಾಳಕ್ಕೆ ಏರಿದರೆ ಬಂಜೆತನ, ಗರ್ಭಕೋಶದ ಹೊರಗೆ ಗರ್ಭ ನಿಲ್ಲುವ ಅಪಾಯ ಉಂಟು. ಹೆರಿಗೆಯ ವೇಳೆ ಮಗುವಿನ ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಮೂತ್ರ ಅಥವಾ ಸ್ರಾವದ ಪರೀಕ್ಷೆಯಿಂದ ಪತ್ತೆ ಸಾಧ್ಯ. ಆದರೆ ಹಳೆಯ ಹಲವು ಔಷಧಗಳಿಗೆ ರೋಗಾಣು ಈಗ ಬಗ್ಗುತ್ತಿಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಪರಿಹಾರವಲ್ಲ. ಸಂಗಾತಿಗಳಿಬ್ಬರೂ ವೈದ್ಯರ ಬಳಿ ಚಿಕಿತ್ಸೆ ಪಡೆಯಬೇಕು.

ರೋಗಾಣು ಯಾರ ಶೀಲವನ್ನೂ ವಿಚಾರಿಸುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡ ನೈಸರ್ ರೋಗಿಗಳ ಹಾಸಿಗೆಯ ಬಳಿ ಮರೆತರು. ನಾಚಿಕೆಗೆ ಅಂಜಿ ಪರೀಕ್ಷೆಯನ್ನು ಮುಂದೂಡುವವರು ಅದನ್ನು ನೆನಪಿಡುವುದು ಒಳಿತು.