ಗಂಟಿನಲ್ಲಿದ್ದ ಇಲ್ಮ್

ಪಳ್ಳಿ ದರ್ಸ್‌ನಲ್ಲಿ ಓದಿದವರಿಗೆ ಇಮಾಮ್ ಗಝ್ಝಾಲಿ(ರ) ಅವರ ಹೆಸರು ಮನೆಯ ಹಿರಿಯರ ಹೆಸರಿದ್ದ ಹಾಗೆ. ನಮ್ಮದೇ ಶಾಫಿಈ ಮದ್‌ಹಬ್‌ನ ಮಹಾ ವಿದ್ವಾಂಸರು. ಹುಜ್ಜತುಲ್ ಇಸ್ಲಾಂ ಎಂದು ಲೋಕವೇ ಕರೆದ ಇಂಥವರ ಇಲ್ಮ್ ಕೂಡ ಎರಡು ಸಲ ಕೈತಪ್ಪಿ ಹೋಗಿತ್ತು. ಒಮ್ಮೆ ದಾರಿಯಲ್ಲಿ, ಇನ್ನೊಮ್ಮೆ ಕಲಿಸುವ ಪೀಠದಲ್ಲೇ.

ಅವರು ಹುಟ್ಟಿದ್ದು 1058ರಲ್ಲಿ, ಈಗಿನ ಇರಾನಿನಲ್ಲಿರುವ ತೂಸ್ ಎಂಬಲ್ಲಿ. ತಂದೆ ಉಣ್ಣೆ ನೂತು ಮಾರುತ್ತಿದ್ದ ಬಡವರು. ತಮಗೆ ಬರವಣಿಗೆ ಕಲಿಯಲಾಗಲಿಲ್ಲ ಎಂಬ ಕೊರಗು ಅವರಿಗೆ ಕೊನೆವರೆಗೂ ಇತ್ತು. ಮರಣ ಹತ್ತಿರವಾದಾಗ ಇದ್ದಷ್ಟು ಹಣವನ್ನು ಒಬ್ಬ ಸೂಫಿ ಗೆಳೆಯರ ಕೈಗೆ ಕೊಟ್ಟು, ಮುಹಮ್ಮದ್ ಮತ್ತು ಅಹ್ಮದ್ ಇಬ್ಬರನ್ನೂ ಓದಿಸಲು ವಸಿಯ್ಯತ್ ಮಾಡಿದರು. ಸ್ವಲ್ಪ ಕಾಲದಲ್ಲಿ ಹಣ ಮುಗಿಯಿತು. ಗೆಳೆಯರೂ ಬಡವರೇ. ಊಟವಾದರೂ ಸಿಗುತ್ತದೆ, ಯಾವುದಾದರೂ ಮದ್ರಸಕ್ಕೆ ಸೇರಿಕೊಳ್ಳಿ ಎಂದುಬಿಟ್ಟರು. ಆ ಮಕ್ಕಳು ಮದ್ರಸ ಸೇರಿದ್ದು ಹೊಟ್ಟೆಪಾಡಿಗೆ. ಮುಂದೆ ದೊಡ್ಡವರಾದ ಮೇಲೆ ಇಮಾಮರೇ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ.

ಯುವಕನಾಗಿದ್ದಾಗ ಜುರ್ಜಾನಿಗೆ ಹೋಗಿ ಓದಿ, ಉಸ್ತಾದರು ಹೇಳಿದ್ದನ್ನೆಲ್ಲ ಬರೆದುಕೊಂಡು ಊರಿಗೆ ಮರಳುತ್ತಿದ್ದರು. ದಾರಿಯಲ್ಲಿ ದರೋಡೆಕೋರರು ಮುತ್ತಿ ಎಲ್ಲರ ಸಾಮಾನು ದೋಚಿದರು. ಉಳಿದವರು ಜೀವ ಉಳಿಯಿತಲ್ಲ ಎಂದು ಸುಮ್ಮನಾದರೆ ಇವರು ಕಳ್ಳರ ಹಿಂದೆಯೇ ನಡೆದರು. ಮರಳಿ ಹೋಗದಿದ್ದರೆ ಕೊಂದುಬಿಡುತ್ತೇನೆ ಎಂದು ನಾಯಕ ಗದರಿಸಿದ. ಬೇರೇನೂ ಬೇಡ, ಆ ಚೀಲದ ಬರಹಗಳನ್ನು ಮಾತ್ರ ಕೊಡಿ, ನಿಮಗದು ಉಪಯೋಗಕ್ಕಿಲ್ಲ, ಅದರ ಇಲ್ಮ್‌ಗಾಗಿಯೇ ಊರು ಬಿಟ್ಟಿದ್ದೆ ಎಂದು ಇವರು ಅಂಗಲಾಚಿದರು. ನಾಯಕ ನಕ್ಕುಬಿಟ್ಟ. ಚೀಲ ಕಿತ್ತುಕೊಂಡ ಕೂಡಲೇ ಏನೂ ಉಳಿಯದಿದ್ದರೆ ನೀನು ಕಲಿತದ್ದಾದರೂ ಏನು ಎಂದು ಕೇಳಿ, ಚೀಲ ವಾಪಸ್ ಕೊಡಿಸಿದ. ಕಳ್ಳನ ಬಾಯಲ್ಲಿ ಅಲ್ಲಾಹನೇ ತನಗೆ ದಾರಿ ತೋರಿಸಿದ ಎಂದು ಇಮಾಮರು ತಿಳಿದರು. ತೂಸ್‌ಗೆ ಬಂದು 3 ವರ್ಷ ಕೂತು, ಬರೆದದ್ದನ್ನೆಲ್ಲ ಮನನ ಮಾಡಿದರು.

ನಮ್ಮನ್ನು ನಾವು ಕೇಳಿಕೊಂಡರೆ ನಾಚಿಕೆಯಾಗುತ್ತದೆ. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸ್ತೇವೆ. ರಿಸಲ್ಟ್ ಬಂದು ಸಿಹಿ ಹಂಚಿಯೂ ಆಗ್ತದೆ. ಮರುತಿಂಗಳು ವುಳೂವಿನ ಫರ್ಳ್ ಎಷ್ಟು ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ. ತಪ್ಪು ಮಕ್ಕಳದ್ದಲ್ಲ.

ನೈಸಾಬೂರಿನಲ್ಲಿ ಇಮಾಮುಲ್ ಹರಮೈನ್ ಜುವೈನಿ(ರ) ಅವರ ಬಳಿ ಓದು ಪೂರ್ತಿಯಾಯಿತು. 1091ರಲ್ಲಿ ವಝೀರ್ ನಿಝಾಮುಲ್ ಮುಲ್ಕ್ ಅವರನ್ನು ಬಾಗ್ದಾದಿನ ನಿಝಾಮಿಯ್ಯ ಮದ್ರಸಕ್ಕೆ ನೇಮಿಸಿದರು. ವಯಸ್ಸು ಇನ್ನೂ 33. ಎದುರಿಗೆ 300 ವಿದ್ಯಾರ್ಥಿಗಳು, ಹೆಸರು, ಹಣ, ದರ್ಬಾರಿನಲ್ಲಿ ಮರ್ಯಾದೆ. ಒಬ್ಬ ಉಸ್ತಾದನಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಆದರೆ ತನ್ನ ನಿಯ್ಯತ್ತನ್ನು ತಾನೇ ಪರೀಕ್ಷೆ ಮಾಡಿ ನೋಡಿದಾಗ ಅವರಿಗೆ ಭಯವಾಯಿತು. ಕಲಿಸುತ್ತಿರುವುದು ಅಲ್ಲಾಹನಿಗಾಗಿ ಅಲ್ಲ, ಕೀರ್ತಿಗಾಗಿ ಎಂದು ಕಂಡಿತು. 1095ರಲ್ಲಿ ಸುಮಾರು 6 ತಿಂಗಳು ಬಿಡಲೋ ಇರಲೋ ಎಂದು ಒದ್ದಾಡಿದರು. ಕೊನೆಗೆ ನಾಲಿಗೆಯೇ ಕಟ್ಟಿಕೊಂಡಿತು. ಕಾದು ಕೂತ ಮಕ್ಕಳಿಗಾಗಿ ಒಂದು ದಿನದ ಪಾಠವಾದರೂ ಮಾಡೋಣವೆಂದರೆ ಒಂದು ಅಕ್ಷರ ಹೊರಡಲಿಲ್ಲ. ಅನ್ನ ನೀರು ಇಳಿಯಲಿಲ್ಲ. ಇದು ಮನಸ್ಸಿನಿಂದ ಬಂದ ರೋಗ, ನಮ್ಮ ಮದ್ದಿಗೆ ಬಗ್ಗದು ಎಂದು ವೈದ್ಯರು ಕೈಬಿಟ್ಟರು. ಈ ಸಲ ಚೀಲ ಹಿಂದಿರುಗಿಸಲು ಯಾವ ಕಳ್ಳನೂ ಇರಲಿಲ್ಲ. ಇಲ್ಮ್ ತಲೆಯೊಳಗೆ ಭದ್ರವಾಗಿಯೇ ಇತ್ತು, ಕಲ್ಬ್‌ಗೆ ಇಳಿದಿರಲಿಲ್ಲ.

ಮಕ್ಕಳ ಖರ್ಚಿಗೆ ಬೇಕಾದಷ್ಟು ಇಟ್ಟು ಉಳಿದ ಸಂಪತ್ತನ್ನು ಹಂಚಿದರು. ತಮ್ಮ ಅಹ್ಮದ್‌ಗೆ ಪಾಠ ಒಪ್ಪಿಸಿ, ಮಕ್ಕಾಕ್ಕೆ ಹೋಗುತ್ತೇನೆಂದು ಬಾಗ್ದಾದ್ ಬಿಟ್ಟರು. ಜನ ತಲೆಗೊಂದು ಮಾತಾಡಿದರು. ದಮಸ್ಕಸ್‌ನ ಉಮವೀ ಮಸೀದಿಯ ಮಿನಾರ ಹತ್ತಿ, ಬಾಗಿಲು ಹಾಕಿಕೊಂಡು ದಿನವಿಡೀ ಇಬಾದತ್‌ನಲ್ಲಿ ಇರುತ್ತಿದ್ದರು. ಅಲ್ಲಿಂದ ಬೈತುಲ್ ಮಖ್ದಿಸ್. ಖಲೀಲ್ ಪಟ್ಟಣದಲ್ಲಿ ಇಬ್ರಾಹೀಂ(ಅ) ಅವರ ಮಖ್ಬರದ ಬಳಿ ಮೂರು ಶಪಥ ಮಾಡಿದರು: ದೊರೆಗಳ ಬಾಗಿಲಿಗೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ಗೆಲ್ಲುವ ಹಟಕ್ಕೆ ವಾದ ಮಾಡುವುದಿಲ್ಲ. ಆಮೇಲೆ ಹಜ್ಜ್.

ಇಹ್ಯಾ ಉಲೂಮುದ್ದೀನ್ ಈ ಕಾಲದ್ದು. ಅದರ ಮೊದಲ ಭಾಗವೇ ಇಲ್ಮ್‌ನ ಬಗ್ಗೆ. ಅಲ್ಲಿ ಅವರು ತಮ್ಮಂಥ ಫಿಖ್ಹ್ ಪಂಡಿತರಿಗೇ ಚುಚ್ಚುತ್ತಾರೆ. ಎಷ್ಟೋ ಊರಲ್ಲಿ ಒಬ್ಬ ಮುಸ್ಲಿಂ ವೈದ್ಯನೂ ಇಲ್ಲ, ವೈದ್ಯ ಕಲಿಯುವುದು ಫರ್ಳ್ ಕಿಫಾಯ, ಆದರೆ ಎಲ್ಲರೂ ನುಗ್ಗುವುದು ವಾದವಿವಾದದ ಫಿಖ್ಹ್‌ಗೆ, ಯಾಕೆಂದರೆ ಖಾಝಿ ಹುದ್ದೆ, ವಕ್ಫ್‌ನ ಉಸ್ತುವಾರಿ ಸಿಗುವುದು ಅಲ್ಲಿಂದ ಎಂದು ಬರೆದರು. ಲೆಕ್ಕ, ಬೇಸಾಯ, ನೇಯ್ಗೆ ಕೂಡ ಅವರ ಪಟ್ಟಿಯಲ್ಲಿ ಫರ್ಳ್ ಕಿಫಾಯ. ದೀನಿನ ವಿದ್ಯೆ, ದುನಿಯಾದ ವಿದ್ಯೆ ಅಂತ ನಾವು ಎಳೆದಾಡುವಾಗ ಈ ಪುಟ ತೆರೆದು ನೋಡುವುದು ಒಳ್ಳೆಯದು. ಮಗ ಡಾಕ್ಟರಾಗಲಿ ಎನ್ನುವ ತಾಯಿಗೂ ಅಲ್ಲಿ ಜಾಗವಿದೆ. ಯಾವ ನಿಯ್ಯತ್ತಿನಿಂದ ಎಂದು ಮಾತ್ರ ಇಮಾಮರು ಕೇಳಿಯೇ ಕೇಳುತ್ತಾರೆ.

1106ರಲ್ಲಿ ಒತ್ತಾಯಕ್ಕೆ ಮಣಿದು ನೈಸಾಬೂರಿನಲ್ಲಿ ಮತ್ತೆ ಪಾಠಕ್ಕೆ ಕೂತರು. ಆಮೇಲೆ ತೂಸ್‌ಗೆ ಮರಳಿ, ಮನೆಯ ಪಕ್ಕದಲ್ಲೇ ಒಂದು ಮದ್ರಸ, ಒಂದು ಸೂಫಿ ಖಾನ್‌ಖಾಹ್ ನಡೆಸಿದರು. ಬಾಗ್ದಾದಿನ ಅದೇ ಪೀಠಕ್ಕೆ ಮತ್ತೊಮ್ಮೆ ಕರೆ ಬಂತು. ಖಲೀಲ್‌ನ ಶಪಥ ನೆನಪಿಸಿ, ತೂಸ್‌ನ ಮಕ್ಕಳನ್ನು ಬಿಟ್ಟು ಬರಲಾಗದು ಎಂದು ಬರೆದು ಕಳುಹಿಸಿದರು.

1111ರ ಡಿಸೆಂಬರ್‌ನ ಒಂದು ಸೋಮವಾರ. ಸುಬ್‌ಹಿಗೆ ಎದ್ದು ವುಳೂ ಮಾಡಿ ನಮಾಝ್ ಮುಗಿಸಿದರು. ಕಫನ್ ಬಟ್ಟೆ ತರಿಸಿ, ಮುತ್ತಿಟ್ಟು ಕಣ್ಣಿಗೊತ್ತಿಕೊಂಡರು. ಖಿಬ್ಲಾದ ಕಡೆ ಕಾಲು ಚಾಚಿ ಮಲಗಿದರು. ಬೆಳಕು ಹರಿಯುವ ಮುಂಚೆ ಹೊರಟುಹೋದರು ಎಂದು ತಮ್ಮ ಅಹ್ಮದ್ ಹೇಳಿದ್ದಾರೆ.