ಡಾಕ್ಟರ್ ಸೆಮ್ಮೆಲ್‌ವೈಸ್

ಆಸ್ಪತ್ರೆಯಲ್ಲಿ ವಿದ್ಯಾರ್ಥಿಯೊಬ್ಬನು ಚುಚ್ಚಿ ಬಿಸುಟ ಸೂಜಿಗೂ, ಲಗ್ಗೆರೆಯ ಬೀದಿಯಲ್ಲಿ ನಸುಕಿಗೆದ್ದು ಕಸ ವಿಂಗಡಿಸುವ ಪೌರಕಾರ್ಮಿಕ ಸ್ತ್ರೀಯ ಬೆರಳಿಗೂ ಇರುವ ದೂರ ಬಹು ಸ್ವಲ್ಪ. ವೈದ್ಯನ ಕೈಯ ಕಲ್ಮಷವು ಪರರ ದೇಹವನ್ನು ಸೇರುವ ಮಾರ್ಗವನ್ನು ಲೆಕ್ಕವಿಟ್ಟು ತೋರಿಸಿದ ಮಹನೀಯನೊಬ್ಬನ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಇಗ್ನಾಜ್ ಸೆಮ್ಮೆಲ್‌ವೈಸನು 1818ರಲ್ಲಿ ಹಂಗೇರಿಯ ಬುಡಾ ಪಟ್ಟಣದಲ್ಲಿ ವರ್ತಕನೊಬ್ಬನ ಮಗನಾಗಿ ಜನಿಸಿದನು. 1846ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯನಾದನು. ಅಲ್ಲಿ ಎರಡು ಶಾಖೆಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಮತ್ತೊಂದರಲ್ಲಿ ಸೂಲಗಿತ್ತಿಯರೂ ಶಿಕ್ಷಣ ಪಡೆಯುತ್ತಿದ್ದರು. ಆ ವರ್ಷ ವಿದ್ಯಾರ್ಥಿಗಳ ಶಾಖೆಯಲ್ಲಿ ನೂರಕ್ಕೆ 11ಕ್ಕೂ ಮೇಲ್ಪಟ್ಟು ತಾಯಂದಿರು ಮಡಿದರು. ಸೂಲಗಿತ್ತಿಯರ ಶಾಖೆಯಲ್ಲಿ ಮಡಿದವರು 3ಕ್ಕೂ ಕಡಿಮೆ. ಮೊದಲನೆಯ ಶಾಖೆಗೆ ತಮ್ಮನ್ನು ಸೇರಿಸಬೇಡಿರೆಂದು ಬಡ ಗರ್ಭಿಣಿಯರು ಅಂಗಲಾಚುತ್ತಿದ್ದರು. ಪಂಡಿತರು ಕೆಟ್ಟ ಗಾಳಿಯನ್ನು ದೂರಿದರು. ಎರಡು ಶಾಖೆಗಳಿಗೂ ಬೀಸುತ್ತಿದ್ದುದು ಒಂದೇ ಗಾಳಿಯೆಂಬುದು ಅವರ ಪಾಂಡಿತ್ಯಕ್ಕೆ ಹೊಳೆಯಲಿಲ್ಲ!

1847ರ ಮಾರ್ಚಿಯಲ್ಲಿ ಸೆಮ್ಮೆಲ್‌ವೈಸನ ಮಿತ್ರನಾದ ಕೊಲೆಚ್ಕಾ ಎಂಬ ಅಧ್ಯಾಪಕನು, ಶವಪರೀಕ್ಷೆಯ ಕಾಲದಲ್ಲಿ ವಿದ್ಯಾರ್ಥಿಯೊಬ್ಬನ ಕತ್ತಿಯು ಬೆರಳಿಗೆ ತಗುಲಿ ಮೃತನಾದನು. ಆತನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದವುಗಳೇ. ಶವಾಗಾರದಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದ ವಿದ್ಯಾರ್ಥಿಗಳೇ ವಿಷವನ್ನು ತರುತ್ತಿದ್ದರೆಂದು ಸೆಮ್ಮೆಲ್‌ವೈಸನಿಗೆ ಮನದಟ್ಟಾಯಿತು. ತನ್ನ ಕೈಯೂ ಅದಕ್ಕೆ ಹೊರತಲ್ಲವೆಂಬ ಅರಿವು ಅವನನ್ನು ಬಹುವಾಗಿ ಸುಟ್ಟಿತು. ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ, ಎಂದರೆ ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ನೀರಿನಲ್ಲಿ, ಕೈತೊಳೆಯಬೇಕೆಂದು ಕಟ್ಟಳೆ ಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನ್ ವೇಳೆಗೆ ಸುಮಾರು 2ಕ್ಕಿಳಿಯಿತು.

ಕೊಲೆಚ್ಕಾನನ್ನು ಕೊಂದ ಕತ್ತಿಯ ಸ್ಥಾನದಲ್ಲಿ ಇಂದು ಸಿರಿಂಜಿನ ಸೂಜಿಯಿದೆ. ಸೂಜಿಗಳು ತೂತು ಬೀಳದ ಬಿಳಿಯ ಡಬ್ಬಿಗೂ, ರಕ್ತಸಿಕ್ತವಾದ ಹತ್ತಿ ಬಟ್ಟೆಗಳು ಹಳದಿ ಚೀಲಕ್ಕೂ ಸೇರತಕ್ಕವೆಂದು 2016ರ ಭಾರತ ಸರ್ಕಾರದ ನಿಯಮಗಳು ವಿಧಿಸುತ್ತವೆ. ಆಸ್ಪತ್ರೆಯ ಕೆಲಸಗಾರರಿಗೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕೆಂದೂ ಹೇಳುತ್ತವೆ. ಕಲಿಯುವ ಹಂತದಲ್ಲಿ ಕೈಗೆ ಬಾರದ ಅಭ್ಯಾಸವು ನೌಕರಿಗೆ ಸೇರಿದ ಮೇಲೆ ಬರುವುದು ಕಷ್ಟವೆಂದು ನಮ್ಮ ಅಭಿಪ್ರಾಯ.

ವಿಯೆನ್ನಾದ ಹಿರಿಯರಿಗೆ ಈ ಕಟ್ಟಳೆ ರುಚಿಸಲಿಲ್ಲ. ಸೆಮ್ಮೆಲ್‌ವೈಸನೂ ತನ್ನ ಶೋಧನೆಯನ್ನು ಗ್ರಂಥರೂಪವಾಗಿ ಪ್ರಕಟಿಸಲು 1861ರವರೆಗೆ ತಡಮಾಡಿದನು. ಆಮೇಲೆ ಬರೆದ ಪತ್ರಗಳಲ್ಲಿ ವಿರೋಧಿಗಳನ್ನು ಕೊಲೆಗಡುಕರೆಂದೇ ಜರೆದನು. ಅದರಿಂದ ಮಿತ್ರರು ಹೆಚ್ಚಲಿಲ್ಲ. 1850ರಲ್ಲೇ ವಿಯೆನ್ನಾ ಬಿಟ್ಟು ಪೆಸ್ಟ್ ನಗರಕ್ಕೆ ಬಂದಿದ್ದ ಅವನು ಅಲ್ಲಿಯ ಆಸ್ಪತ್ರೆಯಲ್ಲಿಯೂ ಮರಣವನ್ನು ತಗ್ಗಿಸಿದ್ದನು. 1865ರಲ್ಲಿ ಚಿತ್ತವಿಕಲನಾದನೆಂದು ಅವನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವೊಂದು ನಂಜೇರಿ ತೀರಿಕೊಂಡನು; ಆಗ ವಯಸ್ಸು 47.